ಬದನೆಕಾಯಿ ಬಣ್ಣದ ವೈರು

ನಮ್ಮ ಮನೆಯವರು ಹಳೇ ಟ್ರಕ್ಕು ಕೊಂಡು ತಂದ ದಿನ ಅದಕ್ಕೆ ಕಾಯಿ ಒಡೆದು, ಮುಂದೆ ನಿಂಬೆಹಣ್ಣು ಕಟ್ಟಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳಿಯಾಳದ ಬಸ್ ಸ್ಟ್ಯಾಂಡಿನ ತನಕ ಒಂದು ಸುತ್ತು ಹೊರಟರು. ತಿರುವಿನಲ್ಲಿ ಎಡಗಡೆಯ ಇಂಡಿಕೇಟರ್ ಹಾಕಿದರು. ವೈಪರ್ ಓಡತೊಡಗಿತು. ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ.

“ಇದೇನ್ರೀ?” ಅಂದೆ.

“ಹಳೇ ಗಾಡಿ. ಅದಕ್ಕೂ ಒಂದು ಸ್ವಭಾವ ಅಂತ ಇರ್ತೈತಿ,” ಅಂದರು.

ಆ ಸ್ವಭಾವ ದಿನಕ್ಕೊಂದು ಬಗೆಯಲ್ಲಿ ಹೊರಬಂತು. ಹಾರ್ನ್ ಒತ್ತಿದರೆ ಹೆಡ್‌ಲೈಟು ಮಂಕಾಗುತ್ತಿತ್ತು. ಬ್ರೇಕು ತುಳಿದರೆ ಕ್ಯಾಬಿನ್ನಿನೊಳಗಿನ ದೀಪ ಹತ್ತುತ್ತಿತ್ತು. ಡೀಸೆಲ್ ಮುಳ್ಳು ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಹೇಳುವ ಬದಲು ಬಲಗಡೆಯ ಇಂಡಿಕೇಟರಿನ ತಾಳಕ್ಕೆ ತಲೆಯಾಡಿಸುತ್ತಿತ್ತು. ಇಷ್ಟಾದರೂ ಇವರು ಗಾಡಿಯ ಮೇಲೆ ಒಂದು ಮಾತು ಕೇಳಲು ತಯಾರಿರಲಿಲ್ಲ. ಬೇರೆಯವರ ಟ್ರಕ್ಕು ಓಡಿಸಿ ಓಡಿಸಿ ಕೊನೆಗೆ ಸ್ವಂತದ್ದೊಂದು ಮಾಡಿಕೊಂಡವರು. ನಾನೂ ಸುಮ್ಮನಿದ್ದೆ. ಆದರೆ ಒಂದು ಮಧ್ಯಾಹ್ನ ಡ್ಯಾಶ್‌ಬೋರ್ಡಿನ ಸಂದಿಯಿಂದ ಊದುಬತ್ತಿಯಷ್ಟು ಸಣ್ಣಗೆ ಹೊಗೆ ಎದ್ದಾಗ ಇವರೇ ಗಾಡಿ ನಿಲ್ಲಿಸಿ, ಕೆಳಗಿಳಿದು, ನನಗೆ ಫೋನು ಮಾಡಿ, “ಬರ್ತೀಯೇನು ಸ್ವಲ್ಪ?” ಎಂದು ಮೆತ್ತಗೆ ಕೇಳಿದರು.

ನನ್ನನ್ನು ಕರೆಯಲು ಕಾರಣವಿತ್ತು. ಊರಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ. ಕಬ್ಬಿನ ಹೊಲಗಳಲ್ಲಿ ಸುಟ್ಟುಹೋದ ಪಂಪ್‌ಸೆಟ್ಟುಗಳು ನನ್ನಲ್ಲಿಗೆ ಬರುತ್ತವೆ. ಒಳಗಿನ ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಹಾಕಿ, ಮತ್ತೆ ನೀರೆತ್ತುವ ಹಾಗೆ ಮಾಡಿ ಕಳಿಸುತ್ತೇನೆ. ಕೆಲಸ ಕಲಿಸಿದವರು ಅಪ್ಪ. ಅವರು ಧಾರವಾಡದ ಕಡೆಯಿಂದ ದಾಂಡೇಲಿಗೆ ಬಂದು ಕಾಗದದ ಕಾರ್ಖಾನೆಯ ಎಲೆಕ್ಟ್ರಿಕಲ್ ಖಾತೆಯಲ್ಲಿ ನಿವೃತ್ತಿಯವರೆಗೂ ದುಡಿದವರು. ಗಂಡುಮಕ್ಕಳಿಬ್ಬರೂ ವೈರು ಎಂದರೆ ದೂರ ಓಡುತ್ತಿದ್ದರಿಂದ ಇಕ್ಕಳ ನನ್ನ ಕೈಗೆ ಬಂತು. ಅಪ್ಪನದು ಒಂದೇ ಕಟ್ಟುನಿಟ್ಟು: ಗುರುತು ಸಿಗದ ವೈರನ್ನು ಕತ್ತರಿಸಬಾರದು. ಹೀಗೆ ಕತ್ತರಿಸಿದ ನನ್ನ ಅಣ್ಣನಿಂದಾಗಿ ನಮ್ಮ ಕ್ವಾರ್ಟರ್ಸಿನ ಇಡೀ ಸಾಲಿಗೆ ಒಂದು ಸಂಜೆ ಕತ್ತಲಾಗಿತ್ತು. ಅಕ್ಕಪಕ್ಕದವರು ಆತನನ್ನು ಇವತ್ತಿಗೂ ಅದೇ ಕಾರಣಕ್ಕೆ ನೆನಪಿಟ್ಟಿದ್ದಾರೆ.

ಆಗ ಮಳೆಗಾಲ. ಪಂಪ್‌ಸೆಟ್ಟುಗಳಿಗೆ ಕೆಲಸವಿರಲಿಲ್ಲ, ಹಾಗಾಗಿ ನನಗೂ ಇರಲಿಲ್ಲ. ಅಂಗಡಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಟ್ರಕ್ಕು ನಿಲ್ಲಿಸಿಕೊಂಡು ಡ್ಯಾಶ್‌ಬೋರ್ಡ್ ಬಿಚ್ಚಿದೆ.

ಒಳಗೆ ನೋಡಿದರೆ ಗುಬ್ಬಿ ಗೂಡು. ಎಷ್ಟು ಕೈಗಳು ಅದರಲ್ಲಿ ಆಡಿದ್ದವೋ. ಒಬ್ಬ ಕೆಂಪು ವೈರಿಗೆ ಹಸಿರು ಸೇರಿಸಿದ್ದ, ಇನ್ನೊಬ್ಬ ಆ ಹಸಿರಿಗೆ ಕಪ್ಪು ಸೇರಿಸಿದ್ದ, ಮೂರನೆಯವನು ಟೇಪು ಮುಗಿದಿದ್ದಕ್ಕೋ ಏನೋ ಕ್ಯಾರಿಬ್ಯಾಗ್ ಸುತ್ತಿ ದಾರ ಕಟ್ಟಿದ್ದ. ತೇಪೆ ಹಾಕಿದರೆ ಪ್ರಯೋಜನವಿಲ್ಲ, ಪೂರ್ತಿ ಕಿತ್ತು ಹೊಸದಾಗಿ ಹಾಕುವುದೇ ಸರಿ ಎಂದು ತೀರ್ಮಾನಿಸಿದೆ. ಒಂದೊಂದೇ ವೈರಿನ ಬೆನ್ನು ಹಿಡಿದು ಹೋಗಿ, ಅದು ಎಲ್ಲಿ ಮುಟ್ಟುತ್ತದೆ ಎಂದು ನೋಡಿ, ತುದಿಗೆ ಕಾಗದದ ಪಟ್ಟಿ ಅಂಟಿಸಿ ಹೆಸರು ಬರೆಯುತ್ತಾ ಬಂದೆ. ಹಾರ್ನು. ಬ್ರೇಕ್ ಲೈಟು. ವೈಪರು. ನಾಲ್ಕನೆಯ ದಿನಕ್ಕೆ ಎಲ್ಲದಕ್ಕೂ ಹೆಸರು ಬಂದಿತ್ತು, ಒಂದನ್ನು ಬಿಟ್ಟು.

ಅದು ಬದನೆಕಾಯಿ ಬಣ್ಣದ್ದು. ಗಾಡಿಗೆ ಹಾಕುವ ವೈರೇ ಅಲ್ಲ, ಮನೆಯ ಸ್ವಿಚ್‌ಬೋರ್ಡಿಗೆ ಹಾಕುವಂಥದ್ದು. ಅದರ ಒಂದು ತುದಿ ಡ್ಯಾಶ್‌ಬೋರ್ಡಿನ ಹಿಂದೆ ಸುರುಳಿ ಸುತ್ತಿಕೊಂಡು, ಟೇಪಿನ ಟೊಪ್ಪಿಗೆ ಹಾಕಿಕೊಂಡು ಕುಳಿತಿತ್ತು. ಅಲ್ಲಿಂದ ಹೊರಟು ನೆಲದ ತೂತಿನಲ್ಲಿ ಇಳಿದು, ಗಾಡಿಯ ತಳದ ಕಬ್ಬಿಣದ ಚಾಸಿಯ ಪಕ್ಕದಲ್ಲಿ ಬ್ರೇಕ್ ಪೈಪಿನ ಜೊತೆ ಒಂದಷ್ಟು ದೂರ ಹೋಗಿ, ಹಿಂದಿನ ಬಾಡಿಯ ಹಲಗೆಗಳ ನಡುವೆ ಮಾಯವಾಗುತ್ತಿತ್ತು. ಟೆಸ್ಟ್ ಲ್ಯಾಂಪ್ ಹಚ್ಚಿದೆ, ಕರೆಂಟಿಲ್ಲ. ಕೀಲಿ ತಿರುಗಿಸಿ ನೋಡಿದೆ, ಇಲ್ಲ. ಎಲ್ಲ ಸ್ವಿಚ್ಚುಗಳನ್ನೂ ಒಂದೊಂದಾಗಿ ಹಾಕಿ ತೆಗೆದೆ. ಅದು ಮಿಸುಕಲಿಲ್ಲ.

“ಕಡದು ಒಗಿ,” ಅಂದರು ಇವರು. “ಏನೂ ಮಾಡವಲ್ದು ಅಂದ್ರ ಅದು ಯಾಕ ಬೇಕು?”

“ಏನೂ ಮಾಡವಲ್ದು ಅಂತ ಎಲ್ಲಾರ್ನೂ ಒಗಕೋತ ಹೋದ್ರ ಮನಿಯಾಗ ಯಾರ ಉಳೀತಾರ?” ಅಂದೆ.

ಇವರು ಚಹಾ ಕುಡಿಯಲು ಎದ್ದು ಹೋದರು.

ನಿಜ ಹೇಳಬೇಕೆಂದರೆ ನನಗೂ ಅದನ್ನು ಕತ್ತರಿಸುವ ಆಸೆ ಎರಡು ಸಲ ಬಂತು. ಇಕ್ಕಳದ ಬಾಯಿ ಅದರ ಮೇಲೆ ಇಟ್ಟೂ ಇದ್ದೆ. ಆದರೆ ರಾತ್ರಿ ಊಟಕ್ಕೆ ಕುಳಿತಾಗಲೂ ಅದೇ ಯೋಚನೆ. ಇಷ್ಟು ಜೋಪಾನವಾಗಿ, ಅಲ್ಲಲ್ಲಿ ಕ್ಲಿಪ್ಪು ಹೊಡೆದು, ಚೂಪು ಅಂಚಿರುವಲ್ಲಿ ರಬ್ಬರಿನ ತುಂಡು ಇಟ್ಟು ಎಳೆದವರು ಸುಮ್ಮನೆ ಎಳೆದಿರಲಾರರು. ಇಡೀ ಗಾಡಿಯಲ್ಲಿ ಅಚ್ಚುಕಟ್ಟಾಗಿ ಹಾಕಿದ ವೈರು ಅದೊಂದೇ.

ಮರುದಿನ ಆ ವೈರಿನ ತುದಿಗೆ ಮೀಟರಿನ ಒಂದು ಕಡ್ಡಿ ಸಿಕ್ಕಿಸಿದೆ, ಇನ್ನೊಂದನ್ನು ಚಾಸಿಗೆ ಹಿಡಿಸಿದೆ. ವೈರು ಎಲ್ಲಾದರೂ ಗಾಡಿಯ ಕಬ್ಬಿಣಕ್ಕೆ ತಾಗುತ್ತಿದ್ದರೆ ಮೀಟರು ಕುಂಯ್ ಎನ್ನಬೇಕು. ಅನ್ನಲಿಲ್ಲ. ಅದನ್ನು ಹಾಗೆಯೇ ಬಿಟ್ಟು ಬೇರೆ ಕೆಲಸ ಹಿಡಿದೆ. ಇವರು ಕಸಬರಿಗೆ ತೆಗೆದುಕೊಂಡು ಹಿಂದಿನ ಬಾಡಿ ಹತ್ತಿ ಹಳೆಯ ಹೊಟ್ಟು, ಜೋಳದ ಕಾಳು ಗುಡಿಸುತ್ತಿದ್ದರು.

ಕುಂಯ್ ಎಂದಿತು ಮೀಟರು.

“ರೀ! ಏನ್ ಮಾಡಿದ್ರಿ?”

“ನಾ ಏನೂ ಮಾಡಿಲ್ಲ!” ಎಂದು ಮೇಲಿಂದ ಕೂಗಿದರು. ನಮ್ಮ ಮದುವೆಯಾದಾಗಿನಿಂದ ಯಾವ ಪ್ರಶ್ನೆಗೂ ಅವರ ಮೊದಲ ಉತ್ತರ ಇದೇ.

“ಮತ್ತೊಮ್ಮೆ ಮಾಡ್ರಿ ಅದನ್ನ!”

“ಏನೂ ಮಾಡಿಲ್ಲ ಅಂದೆ. ಮತ್ತೊಮ್ಮೆ ಹೆಂಗ ಮಾಡ್ಲಿ?”

ಅರ್ಧ ಗಂಟೆ ಅವರನ್ನು ಆ ಬಾಡಿಯ ತುಂಬಾ ಓಡಾಡಿಸಿದೆ. ಕುಣಿಯಲು ಹೇಳಿದೆ, ಕುಣಿದರು. ಹಲಗೆ ಒದೆಯಲು ಹೇಳಿದೆ, ಒದ್ದು ಬೆರಳು ಹಿಡಿದುಕೊಂಡರು. ಕೊನೆಗೆ ಕಸಬರಿಗೆ ಹಿಡಿದು ಮೊದಲು ಗುಡಿಸುತ್ತಿದ್ದ ಹಾಗೆಯೇ ಗುಡಿಸಿ ಎಂದೆ. ಅವರು ಬಗ್ಗಿದರು. ಬಗ್ಗಿದಾಗ ಅವರ ಹಿಂಭಾಗ ಕ್ಯಾಬಿನ್ನಿಗೆ ಅಂಟಿದ ಹಲಗೆಗೆ ಒತ್ತಿಕೊಂಡಿತು. ಕುಂಯ್.

“ಹಂಗ ನಿಲ್ರಿ! ಅಲುಗಾಡಬ್ಯಾಡ್ರಿ!”

ಬಗ್ಗಿಕೊಂಡೇ ನಿಂತರು. ರಸ್ತೆಯಲ್ಲಿ ಹೋಗುತ್ತಿದ್ದವರು ಏನು ತಿಳಿದುಕೊಂಡರೋ, ಒಬ್ಬರು ಸೈಕಲ್ ನಿಲ್ಲಿಸಿ ನೋಡಿ ಮುಂದೆ ಹೋದರು. ನಾನು ಮೇಲೆ ಹತ್ತಿ ಅವರನ್ನು ಪಕ್ಕಕ್ಕೆ ಸರಿಸಿ ಅಲ್ಲಿ ಕೈಯಾಡಿಸಿದೆ. ಬಣ್ಣದ ಕೆಳಗೆ ಒಂದು ಗುಂಡನೆಯ ಉಬ್ಬು. ಚಾಕುವಿನಿಂದ ಕೆರೆದೆ. ನೀಲಿ ಹೋಗಿ ಹಸಿರು ಬಂತು, ಹಸಿರು ಹೋಗಿ ಬಿಳಿ ಪ್ಲಾಸ್ಟಿಕ್ಕು ಕಂಡಿತು. ಮನೆಯ ಬಾಗಿಲ ಪಕ್ಕ ಇರುತ್ತದಲ್ಲ, ಬಂದವರು ಒತ್ತುವ ಬೆಲ್ಲಿನ ಸ್ವಿಚ್ಚು. ಅದೇ.

ಸರಕು ತುಂಬುವ ಜಾಗದಲ್ಲಿ ಬೆಲ್ಲಿನ ಸ್ವಿಚ್ಚು. ಕ್ಯಾಬಿನ್ನಿನ ಒಳಗೆ ಗಂಟೆಯೋ ಏನೋ ಒಂದಿತ್ತು, ಅದನ್ನು ಯಾರೋ ಕಿತ್ತಿದ್ದಾರೆ, ವೈರು ಮಾತ್ರ ಉಳಿದಿದೆ. ಅಷ್ಟು ಗೊತ್ತಾಯಿತು. ಮೂಟೆಗಳು ಬೆಲ್ಲು ಒತ್ತುವುದಿಲ್ಲ. ಯಾರು ಒತ್ತುತ್ತಿದ್ದರು?

ಇವರ ಮುಖ ಸಣ್ಣಗಾಯಿತು. ಸ್ವಲ್ಪ ಹೊತ್ತು ಸ್ವಿಚ್ಚನ್ನೇ ನೋಡಿ, ಆಚೀಚೆ ಕಣ್ಣು ಹಾಯಿಸಿ, ದನಿ ಇಳಿಸಿ ಹೇಳಿದರು: “ಸಾಗವಾನಿ.”

“ಏನು?”

“ಕಳ್ಳ ಕಟಗಿ. ಹಿಂದ ಒಬ್ಬಾಂವ ತಾಡಪತ್ರಿ ಹೊಚಗೊಂಡು ಕುಂದರತಿದ್ದ. ಹಿಂದ ಜೀಪು ಬಂತಂದ್ರ ಬೆಲ್ಲು ಒತ್ತೂದು. ಮುಂದಿನಾಂವ ಗಾಡಿ ಓಡಸೂದು.”

ಹೇಳುತ್ತಾ ಹೇಳುತ್ತಾ ಅದನ್ನು ಅವರೇ ನಂಬಿಬಿಟ್ಟರು. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ದಾಂಡೇಲಿಯ ದಾರಿಯಲ್ಲಿ, ಜೋಯಿಡಾದ ದಾರಿಯಲ್ಲಿ ಅರಣ್ಯ ಇಲಾಖೆಯವರ ತಪಾಸಣೆ ನಾಕಾಗಳಿವೆ. ಅಲ್ಲಿ ಈ ಗಾಡಿಯ ಮುಖ ಕಂಡರೆ ಗುರುತು ಹಿಡಿಯುತ್ತಾರೆ, ತಮ್ಮನ್ನು ಇಳಿಸಿ ಕೂರಿಸುತ್ತಾರೆ, ಸ್ವಿಚ್ಚು ತೋರಿಸಿ ಇದೇನು ಎನ್ನುತ್ತಾರೆ. ಹೀಗೆ ಒಂದಾದ ಮೇಲೊಂದು ಹೆದರಿಕೆ. ಮೂರನೆಯ ದಿನ, “ಮಾರಿಬಿಡೂಣೇನು?” ಎಂದರು.

ಮಾರುವುದಕ್ಕಿಂತ ಕೇಳುವುದು ಸುಲಭ ಎಂದೆ. ಗಾಡಿಯ ಕಾಗದಪತ್ರದಲ್ಲಿ ಹಿಂದಿನ ಮಾಲೀಕರ ಹೆಸರು, ಊರು ಇತ್ತು. ಮುಂಡಗೋಡ ತಾಲೂಕಿನ ಚಿಗಳ್ಳಿ. ಆದಿತ್ಯವಾರ ಬೆಳಿಗ್ಗೆ ಮೋಟರ್‌ಸೈಕಲ್ ಮೇಲೆ ಹೊರಟೆವು. ದಾರಿಯುದ್ದಕ್ಕೂ ಇವರು, “ನೀ ಕೇಳು, ನಾ ದೂರ ನಿಂದರತೇನಿ,” ಎನ್ನುತ್ತಿದ್ದರು. ಕಳ್ಳಸಾಗಣೆಯವರ ಮನೆಯ ಬಾಗಿಲಿಗೆ ಹೆಂಡತಿಯನ್ನು ಮುಂದೆ ಬಿಡುವುದರಲ್ಲಿ ಅವರಿಗೆ ಯಾವ ಅಡ್ಡಿಯೂ ಕಾಣಲಿಲ್ಲ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಓಣಿಯ ತುದಿಗೆ ಬರುವ ಮೊದಲೇ ಹಾಡು ಕೇಳುತ್ತಿತ್ತು. ಕಟ್ಟೆಯ ಮೇಲೆ ದಪ್ಪ ಮೀಸೆಯ ಒಬ್ಬ ಹಿರಿಯರು ಎಮ್ಮೆಯ ಹಗ್ಗ ಹೊಸೆಯುತ್ತಾ ಕುಳಿತಿದ್ದರು. ಪಕ್ಕದಲ್ಲಿ ಒಂದು ಸ್ಪೀಕರು ಇಡೀ ಓಣಿಗೆ ಹಾಡು ಹಂಚುತ್ತಿತ್ತು. ಅದನ್ನು ಸ್ವಲ್ಪ ಸಣ್ಣದು ಮಾಡಿ ಬರ್ರಿ ಎಂದರು, ಕೂಡಿಸಿದರು, ನೀರು ತರಿಸಿದರು. ತಮ್ಮ ಹಳೇ ಗಾಡಿ ಈಗ ನಮ್ಮಲ್ಲಿದೆ ಎಂದು ತಿಳಿದಾಗ ಮಗಳ ಗಂಡನ ಮನೆಯವರು ಬಂದಷ್ಟು ಸಂತೋಷಪಟ್ಟರು.

“ಕಾಕಾ, ಹಿಂದಿನ ಬಾಡ್ಯಾಗ ಒಂದು ಬೆಲ್ಲಿನ ಸ್ವಿಚ್ಚು ಐತಲ್ರೀ, ಅದು ಯಾತಕ್ಕ?” ಎಂದು ಕೇಳಿದೆ.

ಅವರ ಮುಖದಿಂದ ಸಂತೋಷ ಇಳಿಯಿತು. “ಬೆಲ್ಲಾ? ಗೊತ್ತಿಲ್ಲ ನನಗ.”

“ಹಳೇ ವೈರು ಐತ್ರಿ. ನಿಮ್ಮ ಕಾಲದಾಗ ಹಾಕಿದ್ದು.”

“ನನ್ನ ಗಾಡಿ ಏನು ಬಸ್ಸಾ, ಬೆಲ್ಲು ಇರಾಕ? ಚಹಾ ಕುಡೀರಿ.”

ಹಗ್ಗವನ್ನು ಬಿಚ್ಚಿ ಮತ್ತೆ ಹೊಸೆಯತೊಡಗಿದರು. ಇವರು ನನ್ನ ಕಡೆ ನೋಡಿದರು. ಆ ನೋಟದ ಅರ್ಥ: ಹೇಳಲಿಲ್ಲವೇ ನಾನು. ಆಮೇಲೆ ಅದೆಲ್ಲಿಂದ ಧೈರ್ಯ ಬಂತೋ, ಎದ್ದು ನಿಂತು ಕೇಳಿಯೇಬಿಟ್ಟರು: “ಕಾಕಾ, ಸಿಟ್ಟಿಗೇಳಬ್ಯಾಡ್ರಿ. ಸಾಗವಾನಿ ಹೊಡೀತಿದ್ರೇನು?”

ಹಗ್ಗ ಕೆಳಗೆ ಬಿತ್ತು. “ಸಾಗವಾನಿ? ನಾನು? ನನ್ನ ಗಾಡ್ಯಾಗ ಒಂದು ಊದಿನಕಡ್ಡಿ ಕಟಗಿ ಹೋಗಿಲ್ಲ ತಮ್ಮಾ! ಅದು ಹೆಣ್ಣಮಕ್ಕಳ ಬೆಲ್ಲು!”

“ಹೆಣ್ಣಮಕ್ಕಳದ್ದಾ?”

“ಹೌದು. ಉಳದದ್ದು ಇಲ್ಲೇ ಬಾಜೂಕಿನ ಊರು ಇಂದೂರಾಗ ಕೇಳ್ರಿ. ಅಲ್ಲಿ ಒಬ್ಬಾಕಿ ಆಳಿನ ಗುಂಪು ಕಟಗೊಂಡು ಬರ್ತಿದ್ಲು, ಅಕೀನ ಕೇಳ್ರಿ. ನಾ ಹೇಳಿದ್ರ ತಪ್ಪು ಹೇಳಿದಿ ಅಂತ ಫೋನು ಮಾಡಿ ಬೈತಾಳ. ಅಕಿ ಹೇಳಿದ್ರ ನನ್ನ ಮಾನ ಹೋಗ್ತೈತಿ. ಹೋಗ್ಲಿ.”

ಎದ್ದು ತಾವೇ ಫೋನು ಮಾಡಿ, “ಇಬ್ಬರು ಬರಾಕ ಹತ್ಯಾರ, ಬೆಲ್ಲಿನ ಸುದ್ದಿ ಕೇಳಾಕ,” ಎಂದರು. ಆ ಕಡೆಯಿಂದ ಬಂದ ನಗು ನಮಗೂ ಕೇಳಿಸಿತು. ನಾವು ಓಣಿ ದಾಟುವಷ್ಟರಲ್ಲಿ ಸ್ಪೀಕರಿನ ಸದ್ದು ಮತ್ತೆ ಏರಿತ್ತು.

ಇಂದೂರಿನಲ್ಲಿ ಆಕೆ ಅಂಗಳದಲ್ಲಿ ಗೋವಿನಜೋಳದ ತೆನೆ ಬಿಡಿಸುತ್ತಾ ಕುಳಿತಿದ್ದಳು. ಅರವತ್ತು ದಾಟಿದ, ಕಡ್ಡಿಯಂಥ ಹೆಂಗಸು. ದನಿ ಮಾತ್ರ ನಾಲ್ಕು ಮನೆಗೆ ಸಾಲುವಷ್ಟು. ಹತ್ತಾರು ವರ್ಷ ಊರಿನ ಹೆಂಗಸರನ್ನು ನಾಟಿಗೆ, ಕಳೆ ತೆಗೆಯಲು, ಹತ್ತಿ ಬಿಡಿಸಲು ಕರೆದುಕೊಂಡು ಹೋಗುತ್ತಿದ್ದವಳು. ಆಗೆಲ್ಲ ಹೋಗುತ್ತಿದ್ದುದು ಅದೇ ಟ್ರಕ್ಕಿನ ಹಿಂದೆ. ಗಾಡಿ ಓಡಿಸುತ್ತಿದ್ದವರು ಚಿಗಳ್ಳಿಯ ಕಾಕಾ.

“ಬಾ ತಂಗಿ, ಕುಂದ್ರು. ತೆನಿ ಬಿಡಸ್ಕೋತ ಕೇಳು,” ಎಂದು ನನ್ನ ಮುಂದೆ ಒಂದು ರಾಶಿ ಸರಿಸಿದಳು. ಇವರ ಮುಂದೆಯೂ ಒಂದು ಬಂತು.

“ಆ ಪುಣ್ಯಾತ್ಮಗ ಹಾಡಿನ ಹುಚ್ಚು. ಟೇಪ್ ಹಚ್ಚಿದಾ ಅಂದ್ರ ಮುಗೀತು, ಮ್ಯಾಲಿಂದ ಸಿಡ್ಲು ಬಿದ್ರೂ ಕೇಳ್ತಿದ್ದಿಲ್ಲ. ಹಿಂದ ನಾವು ಹದಿನಾಲ್ಕು ಮಂದಿ. ಒಬ್ಬಾಕಿಗೆ ವಾಂತಿ, ಒಬ್ಬಾಕಿಗೆ ಹೊಟ್ಟಿನೋವು, ಒಬ್ಬಾಕಿ ಬಸರಿ. ಗಾಡಿ ನಿಂದ್ರಸು ಅಂತ ಹೇಳೂದು ಹೆಂಗ? ಕೈಲೆ ಹಲಗಿ ಬಡೀತಿದ್ವಿ. ಬಡದು ಬಡದು ಕೈ ಕೆಂಪಗ. ಆತಗೇನು ಅನಸ್ತಿತ್ತು ಗೊತ್ತೇನು? ಇವರು ಹಾಡಿಗೆ ತಾಳಾ ಹಾಕಾಕ ಹತ್ಯಾರ ಅಂತ! ನಾವು ಬಡದಷ್ಟೂ ಹಾಡು ಜೋರ ಮಾಡಾಂವ.”

ಇವರು ತೆನೆ ಕೆಳಗಿಟ್ಟು ನಗಲು ಶುರುಮಾಡಿದರು.

“ನಗಬ್ಯಾಡ, ಕೇಳು. ಒಂದಿನಾ ಸಂಜಿಮುಂದ ಹತ್ತಿ ಬಿಡಿಸಿ ಬರಾಕ ಹತ್ತಿದ್ವಿ. ಇಂದೂರ ಬಂತು. ಬಡದ್ವಿ. ಇಂದೂರ ದಾಟ್ತು! ಹದಿನಾಲ್ಕೂ ಮಂದಿ ಎದ್ದು ನಿಂತು ಬಡದ್ವಿ. ಅಂವ ಇನ್ನೊಂದು ಹಾಡು ಹಚ್ಚಿದ. ಸೀದಾ ಚಿಗಳ್ಳಿಗೆ ಹೋಗಿ ತನ್ನ ಮನಿ ಮುಂದ ನಿಂದ್ರಿಸಿ, ಇಳದು, ಮುಖಾ ತೊಳ್ಕೊಳ್ಳಾಕ ಹ್ವಾದ. ನಾವು ಒಬ್ಬೊಬ್ಬರಽ ಇಳದು ಕಟ್ಟಿ ಮ್ಯಾಲ ಕುಂತ್ವಿ. ಟವೆಲ್ಲು ತಗೊಂಡು ಹೊರಗ ಬಂದು ನೋಡ್ತಾನ, ಅಂಗಳದ ತುಂಬ ಹೆಂಗಸರು. ‘ನೀವು ಇಲ್ಯಾಕ ಬಂದ್ರಿ?’ ಅಂದ. ಅಂವನ ಹೇಣ್ತಿ ಹದಿನಾಲ್ಕು ಮಂದಿಗೂ ಚಹಾ ಮಾಡಿದ್ಲು, ಅಂವಗ ಮಾತ್ರ ಕೊಡಲಿಲ್ಲ.”

ಮರುದಿನ ಬೆಳಿಗ್ಗೆ ಗಾಡಿ ಬಂದು ಹಾರ್ನು ಹಾಕಿದರೂ ಯಾರೂ ಹತ್ತಲಿಲ್ಲ. ಈಕೆ ಮುಂಡಗೋಡ ಪೇಟೆಗೆ ಹೋಗಿ ಬೆಲ್ಲಿನ ಸ್ವಿಚ್ಚು, ವೈರು ತಂದಳು. ಅಂಗಡಿಯವನು ಯಾವ ಬಣ್ಣ ಎಂದು ಕೇಳಿದಾಗ ತನ್ನ ಸೀರೆಯ ಬಣ್ಣ ತೋರಿಸಿದಳಂತೆ. ಗ್ಯಾರೇಜಿನವರೊಬ್ಬರು ಯಾವುದೋ ಕಾರಿನಿಂದ ಬಿಚ್ಚಿದ್ದ ರಿವರ್ಸ್ ಹಾರ್ನು ಕೊಟ್ಟರು. ಕೋಗಿಲೆಯ ಹಾಗೆ ಕೂಗುವಂಥದ್ದು. ಅದನ್ನು ಡ್ರೈವರನ ಕಿವಿಗೆ ಹತ್ತಿರವಾಗುವಂತೆ ಡ್ಯಾಶ್‌ಬೋರ್ಡಿಗೆ ಜೋಡಿಸಿದರು. ವೈರು ಎಲ್ಲೂ ಉಜ್ಜಿ ಹರಿಯಬಾರದೆಂದು ರಬ್ಬರು ಇಡಿಸಿದ್ದೂ ಈಕೆಯೇ. ಗ್ಯಾರೇಜಿನವರು ಕೆಲಸ ಮುಗಿಸುವವರೆಗೆ ಪಕ್ಕದಲ್ಲಿ ಕುಳಿತಿದ್ದಳು.

“ಒಂದು ಸಲ ಒತ್ತಿದ್ರ ನಿಂದ್ರಸು. ಎರಡು ಸಲ ಒತ್ತಿದ್ರ ಸಾವಕಾಶ ಹೊಡಿ. ಮೂರು ಸಲ ಒತ್ತಿದ್ರ ಹಾಡು ಬದ್ಲ ಮಾಡು.”

“ಹಾಡು ಬದಲಾ ಮಾಡ್ತಿದ್ರೇನು?” ಎಂದು ಕೇಳಿದೆ.

“ಮೊದಲು ಸಿಟ್ಟಿಗೆದ್ದ. ಆಮ್ಯಾಲ ತಾನಽ ಮುಂದಿಂದ ಕೂಗಿ ಕೇಳಾಂವ, ‘ಇದು ಬೇಕೋ ಬ್ಯಾಡೋ?’ ಅಂತ. ಬೆಲ್ಲು ಹಾಕಿ ತಿಂಗಳಾಗಿದ್ದಿಲ್ಲ, ನಿಂದ್ರಸೂ ಬೆಲ್ಲಿಗಿಂತ ಹಾಡಿನ ಬೆಲ್ಲಽ ಹೆಚ್ಚಾತು.”

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ನಗು ನಿಂತಾಗ ಬೇರೆ ಯೋಚನೆ ಬಂತು. ಆ ಮುಂಚೆ ಅವರೆಲ್ಲ ಎಷ್ಟು ವರ್ಷ ಬಡಿಯುತ್ತಾ ಹೋಗಿದ್ದರೋ. ಬೆನ್ನಿನ ಹಿಂದೆ ಇರುವ ಹದಿನಾಲ್ಕು ಮಂದಿಯ ಮಾತು ಮುಂದಿರುವ ಒಬ್ಬನಿಗೆ ತಲುಪಲು ಒಂದು ವೈರು ಬೇಕಾಯಿತು. ಅದನ್ನು ಕೊಂಡು ತಂದವಳೂ ಅವರಲ್ಲಿ ಒಬ್ಬಳೇ. ನನ್ನ ಇಕ್ಕಳ ನೆನಪಾಗಿ ಕೈ ಜೋಳದ ರಾಶಿಯಲ್ಲಿ ಹಾಗೇ ನಿಂತಿತು.

“ಈಗ ಆ ವೈರು ಇಡ್ಲೋ, ತಗೀಲೋ?” ಎಂದೆ.

“ಈಗ ಲಾರ್ಯಾಗ ಮಂದಿ ಹಾಕೂದು ಎಲ್ಲೈತಿ? ಪೊಲೀಸರು ಹಿಡೀತಾರ. ನಮ್ಮ ಹುಡಿಗ್ಯಾರು ಟೆಂಪೋದಾಗ ಸೀಟಿನ ಮ್ಯಾಲ ಕುಂತು ಹೋಗ್ತಾರ. ನಿನ್ನ ಗಾಡಿ, ನಿನ್ನ ಮರ್ಜಿ,” ಎಂದಳು. ಕೈಯಲ್ಲಿದ್ದ ತೆನೆಯ ಕಾಳು ಪೂರ್ತಿ ಬಿಡಿಸಿ, “ವೈರು ಛಲೋ ಐತೇನು ಇನ್ನೂ?” ಎಂದು ಕೇಳಿದಳು.

“ಇಡೀ ಗಾಡ್ಯಾಗ ಅದೊಂದಽ ಛಲೋ ಐತಿ,” ಎಂದೆ. ಆಕೆ ಇನ್ನೊಂದು ತೆನೆ ತೆಗೆದುಕೊಂಡಳು. ನಾವು ಹೊರಟಾಗ ಒಂದು ಚೀಲ ತೆನೆ ಮೋಟರ್‌ಸೈಕಲ್ಲಿಗೆ ತಾನೇ ಕಟ್ಟಿದಳು.

ಹಿಂದಿರುಗುವಾಗ ಇವರು ಬಹಳ ಗೆಲುವಾಗಿದ್ದರು. ಸಾಗವಾನಿಯ ಮಾತನ್ನು ಮೊದಲು ತೆಗೆದವಳು ನಾನೇ ಎಂದು ಕಲಘಟಗಿ ದಾಟುವಷ್ಟರಲ್ಲಿ ನನ್ನನ್ನು ಒಪ್ಪಿಸಲು ನೋಡಿದರು.

ಎಲ್ಲ ವೈರುಗಳನ್ನೂ ಬದಲಿಸಿದೆ, ಬದನೆಕಾಯಿ ಬಣ್ಣದ್ದನ್ನು ಹಾಗೆಯೇ ಬಿಟ್ಟೆ. ಸ್ವಿಚ್ಚಿನ ಮೇಲಿನ ಬಣ್ಣ ಪೂರ್ತಿ ಕೆರೆದು ಒಳಗಿನ ತುಕ್ಕು ಉಜ್ಜಿದೆ. ಕ್ಯಾಬಿನ್ನಿನಲ್ಲಿ ಗಂಟೆಯ ಬದಲು ಒಂದು ಸಣ್ಣ ಬಝರ್ ಹಾಕಿದೆ. ಈಗ ಗೋದಾಮಿನಲ್ಲಿ ಗಾಡಿ ಹಿಂದಕ್ಕೆ ತೆಗೆಯುವಾಗ, ಮೂಟೆ ಇಳಿಸುವಾಗ ಹಿಂದೆ ನಿಂತ ಹಮಾಲರು ಅದನ್ನೇ ಒತ್ತುತ್ತಾರೆ. ಇವರು ಹಿಂದಕ್ಕೆ ತೆಗೆಯುವ ರೀತಿಗೆ ಅದು ಬೇಕೇ ಬೇಕಾಗಿತ್ತು.

ಆ ಸುಗ್ಗಿಯಲ್ಲಿ ಇಂದೂರಿನಿಂದ ಹಳಿಯಾಳಕ್ಕೆ ಗೋವಿನಜೋಳದ ಬಾಡಿಗೆ ಸಿಕ್ಕಿತು. ನಾನೂ ಹೋಗಿದ್ದೆ. ಮೂಟೆ ತುಂಬಿ ಹೊರಡುವಾಗ ಆಕೆ ಕೈಚೀಲ ಹಿಡಿದು ರಸ್ತೆಯಲ್ಲಿ ನಿಂತಿದ್ದಳು. ಕಲಘಟಗಿಯಲ್ಲಿ ಮಗಳ ಮನೆ, ಅಲ್ಲಿ ಇಳಿಸಿ ಎಂದಳು. ಹೇಳುತ್ತಲೇ ಅಭ್ಯಾಸದಿಂದ ಹಿಂದಿನ ಚಕ್ರದ ಮೇಲೆ ಕಾಲಿಟ್ಟು ಹತ್ತಲು ಹೊರಟಳು.

“ಯವ್ವಾ, ಅಲ್ಲೆಲ್ಲಿ? ಮುಂದ ಬರ್ರಿ!” ಎಂದು ಕ್ಯಾಬಿನ್ನಿನ ಬಾಗಿಲು ತೆರೆದೆ.

ಅನುಮಾನಿಸಿ ಅನುಮಾನಿಸಿ ಹತ್ತಿದಳು. ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡು ಹಿಡಿದು ಕುಳಿತಳು. ಗಾಡಿ ಹೊರಟಿತು. ಹಿಂದೆ ಕುಳಿತು ಹೋದಷ್ಟು ವರ್ಷವೂ ಆಕೆ ಕಂಡದ್ದು ಬಿಟ್ಟು ಬಂದ ರಸ್ತೆಯನ್ನು ಮಾತ್ರ. ಈಗ ರಸ್ತೆ ಎದುರಿನಿಂದ ಬರುತ್ತಿತ್ತು. ಒಂದು ಬಸ್ಸು ಎದುರಾದಾಗ ಕಣ್ಣು ಮುಚ್ಚಿಕೊಂಡಳು. ಮರಗಳು, ಗುಡಿಯ ಕಮಾನು, ದನ, ಮೈಲಿಗಲ್ಲು ಎಲ್ಲವೂ ಮೊದಲು ಸಣ್ಣದಾಗಿ ಕಂಡು ಆಮೇಲೆ ದೊಡ್ಡದಾಗುವುದನ್ನು ಬಾಯಿಬಿಟ್ಟು ನೋಡುತ್ತಿದ್ದಳು.

“ಹೆಂಗ ಐತ್ರಿ ಮುಂದಿನ ಸೀಟು?” ಎಂದು ಇವರು ಹೆಮ್ಮೆಯಿಂದ ಕೇಳಿದರು.

“ಬಾಳ ಶೆಕಿ,” ಎಂದಳು. “ಹಿಂದ ಗಾಳಿ ಛಲೋ ಬರ್ತಿತ್ತು. ಮತ್ತ ನೀ ಇಷ್ಟು ಸಾವಕಾಶ ಹೊಡದ್ರ ನನ್ನ ಮಗಳು ಮಾಡಿದ ರೊಟ್ಟಿ ತಣ್ಣಗಾಗ್ತಾವು. ಹೊಡಿ ಸ್ವಲ್ಪ.”

ಇವರು ಗೇರು ಬದಲಿಸಿದರು. ಆಕೆ ಡ್ಯಾಶ್‌ಬೋರ್ಡನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡು ಮುಂದಕ್ಕೆ ಬಾಗಿದಳು.